ಕಮ್ಯುನಿಸ್ಟ್ ಸರ್ಕಾರ, ಬಂಡವಾಳಶಾಹಿ ಸರ್ಕಾರ: ಲಂಚ ಎಲ್ಲಿ ಜಾಸ್ತಿ?

ಕಾಲುದಾರಿ:
ಕಮ್ಯುನಿಸ್ಟ್ ದೇಶ ಅಂದರೆ ಭ್ರಷ್ಟಾಚಾರ ಇದ್ದೇ ಇರುತ್ತದೆ ಅಂತ ಕೆಲವರು ಖಡಾಖಂಡಿತವಾಗಿ ಹೇಳುತ್ತಾರೆ. ದುಡ್ಡೇ ದೊಡ್ಡಪ್ಪ ಆದ ಕಡೆ ಲಂಚ ಇಲ್ಲದೆ ಇರುತ್ತದಾ ಅಂತ ಇನ್ನು ಕೆಲವರು ತಿರುಗಿ ಕೇಳುತ್ತಾರೆ. ಆಮೇಲೆ ಒಬ್ಬರು ಸೋವಿಯತ್ ನಾಯಕ ಬ್ರೆಜ್ನೇವ್ ಅನ್ನುತ್ತಾರೆ, ಇನ್ನೊಬ್ಬರು ಇಂಡೋನೇಷ್ಯಾ ಆಳಿದ ಸುಹಾರ್ತೊ ಅನ್ನುತ್ತಾರೆ. ಮಾತು ಅಲ್ಲಿಗೆ ನಿಲ್ಲುತ್ತದೆ.

ನನಗೆ ಬೇಕಾಗಿರುವುದು ಹೆಸರುಗಳ ಪಟ್ಟಿ ಅಲ್ಲ. ಆ ವ್ಯವಸ್ಥೆಯ ಒಳಗೇ ಲಂಚ ಹುಟ್ಟಿಸುವ ಏನಾದರೂ ಇದೆಯಾ? ಇದ್ದರೆ ಏನು? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ. ಯಾವ ಕಡೆಯವರಾದರೂ ಸರಿ, ಬೈಗುಳ ಬೇಡ.

ಅಂಕಿಅಂಶ:
ಮೊದಲು ಲೆಕ್ಕ ನೋಡೋಣ. ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಅನ್ನುವ ಸಂಸ್ಥೆ 1995ರಿಂದ ಪ್ರತಿ ವರ್ಷ ಒಂದು ಪಟ್ಟಿ ಹೊರತರುತ್ತಿದೆ. ಈಗಿನ ಲೆಕ್ಕದಲ್ಲಿ 100 ಬಂದರೆ ದೇಶ ಶುದ್ಧ, 0 ಬಂದರೆ ಪೂರ್ತಿ ಕೆಟ್ಟಿದೆ ಅಂತ ಅರ್ಥ.

2023ರ ಪಟ್ಟಿಯಲ್ಲಿ ಚೀನಾಕ್ಕೆ 42, ಕ್ಯೂಬಾಕ್ಕೆ 42, ವಿಯೆಟ್ನಾಂಗೆ 41, ಲಾವೋಸ್‌ಗೆ 28, ಉತ್ತರ ಕೊರಿಯಾಕ್ಕೆ 17. ಒಂದೇ ಪಕ್ಷದ ಆಳ್ವಿಕೆ ಇರುವ ಈ ಐದರಲ್ಲಿ ಒಂದೂ 50 ಮುಟ್ಟಿಲ್ಲ. ಅದೇ ವರ್ಷ ಡೆನ್ಮಾರ್ಕ್ 90, ಸಿಂಗಾಪುರ 83, ಜರ್ಮನಿ 78, ಅಮೆರಿಕ 69.

ಆದರೆ ಇಡೀ ಜಗತ್ತಿನ ಸರಾಸರಿಯೇ 43. ಅಂದರೆ ಚೀನಾ, ಕ್ಯೂಬಾ, ವಿಯೆಟ್ನಾಂ ಸರಾಸರಿಯ ಅಂಚಿನಲ್ಲೇ ಇವೆ. ಸರಾಸರಿಗಿಂತ ಕೆಳಗೆ ಬಿದ್ದಿರುವ ಬಹುಪಾಲು ದೇಶಗಳಲ್ಲಿ ಕಮ್ಯುನಿಸ್ಟರ ಆಳ್ವಿಕೆಯೇ ಇಲ್ಲ.

ತರ್ಲೆ:
ಐದಕ್ಕೆ ಐದೂ ಫೇಲ್. ಚರ್ಚೆ ಮುಗೀತಲ್ವಾ? ಬಾಗಿಲು ಹಾಕಿ.

ಹಳೆರೇಡಿಯೋ:
ಅಷ್ಟು ಬೇಗ ಬಾಗಿಲು ಹಾಕಬೇಡಿ ಮಾರಾಯ್ರೆ. ಆ ಪಟ್ಟಿ ಏನನ್ನು ಅಳೆಯುತ್ತದೆ ಅಂತ ನೋಡಿ. ವ್ಯಾಪಾರಸ್ಥರಿಗೆ, ತಜ್ಞರಿಗೆ ಆ ದೇಶದ ಸರ್ಕಾರಿ ಯಂತ್ರದ ಬಗ್ಗೆ ಏನು ಅನ್ನಿಸುತ್ತದೆ ಅನ್ನುವುದು ಮಾತ್ರ ಅದರಲ್ಲಿ ಬರುತ್ತದೆ. ಲಂಚ ತೆಗೆದುಕೊಂಡವನ ದೇಶಕ್ಕೆ ಅಂಕ ಕಡಿಮೆ. ಲಂಚ ಕೊಟ್ಟ ಕಂಪನಿಯ ದೇಶಕ್ಕೆ ಏನೂ ಆಗುವುದಿಲ್ಲ. ಕದ್ದ ದುಡ್ಡನ್ನು ಬಚ್ಚಿಟ್ಟುಕೊಂಡ ಬ್ಯಾಂಕಿನ ದೇಶಕ್ಕೂ ಏನೂ ಆಗುವುದಿಲ್ಲ. ಫಿಲಿಪ್ಪೀನ್ಸ್‌ನ ಸರ್ವಾಧಿಕಾರಿ ಮಾರ್ಕೋಸ್ ದುಡ್ಡು ಇಟ್ಟಿದ್ದು ಸ್ವಿಸ್ ಬ್ಯಾಂಕುಗಳಲ್ಲಿ. ಸ್ವಿಟ್ಜರ್‌ಲೆಂಡಿಗೆ ಆ ಪಟ್ಟಿಯಲ್ಲಿ 82.

ಇನ್ನೊಂದು ವಿಷಯ ಕೇಳಿ. ಜರ್ಮನಿಯಲ್ಲಿ 1990ರ ದಶಕದ ಕೊನೆಯವರೆಗೂ ಕಂಪನಿಗಳು ಹೊರದೇಶದ ಅಧಿಕಾರಿಗಳಿಗೆ ಕೊಟ್ಟ ಲಂಚವನ್ನು ವ್ಯಾಪಾರದ ಖರ್ಚು ಅಂತ ತೋರಿಸಿ ತೆರಿಗೆ ಉಳಿಸಬಹುದಿತ್ತು. ಕಾನೂನೇ ಹಾಗಿತ್ತು. ಆಮೇಲೆ 2008ರಲ್ಲಿ ಅಲ್ಲಿನದೇ ಸೀಮೆನ್ಸ್ ಕಂಪನಿ ಸಿಕ್ಕಿಬಿದ್ದು ಅಮೆರಿಕಕ್ಕೂ ಜರ್ಮನಿಗೂ ಸೇರಿ ಸುಮಾರು 160 ಕೋಟಿ ಡಾಲರ್ ಕಟ್ಟಿತು. ಲಂಚ ತಗೊಂಡ ದೇಶಗಳು ಪಟ್ಟಿಯ ಕೆಳಗೆ, ಕೊಟ್ಟ ದೇಶ ಮೇಲೆ. ಇದು ಯಾವ ಲೆಕ್ಕ?

ಅಂಕಿಅಂಶ:
ಸರಿ, ಪಟ್ಟಿಯ ಮಿತಿ ಅದು. ಆದರೆ ಸಾಮಾನ್ಯ ಮನುಷ್ಯ ಕಚೇರಿಗೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಅಂದಾಜು ಹೇಳಿ ನೋಡೋಣ.

ಕಪ್ಪುಹಲಗೆ:
ಕಾಲುದಾರಿ ಅವರು ಕೇಳಿದ್ದು ಒಳಗಿನ ಕಾರಣ. ಪಟ್ಟಿ ಬಿಟ್ಟು ಅದಕ್ಕೆ ಬರೋಣ. ಸೋವಿಯತ್ ಒಕ್ಕೂಟವನ್ನೇ ತೆಗೆದುಕೊಳ್ಳುತ್ತೇನೆ. ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಅಲ್ಲಿ ಬೆಲೆ ನಿಗದಿ ಮಾಡುವುದು ಸರ್ಕಾರ. ಬೆಲೆ ಕಡಿಮೆ, ಸಾಮಾನು ಇನ್ನೂ ಕಡಿಮೆ. ದುಡ್ಡಿದ್ದರೂ ಸಿಗುವುದಿಲ್ಲ. ಹಾಗಾದರೆ ಯಾರಿಗೆ ಸಿಗುತ್ತದೆ? ಸರತಿಯಲ್ಲಿ ನಿಂತವರಿಗೆ, ಇಲ್ಲಾ ಅಂಗಡಿಯವನ ಪರಿಚಯ ಇದ್ದವರಿಗೆ. ಅಲ್ಲಿಗೆ ಕೌಂಟರಿನ ಹಿಂದೆ ನಿಂತವನೇ ಸಾಹೇಬ ಆಗುತ್ತಾನೆ. ಒಳ್ಳೆ ಮಾಂಸ, ನಾಟಕದ ಟಿಕೆಟ್, ಆಸ್ಪತ್ರೆಯಲ್ಲಿ ಒಳ್ಳೆ ಡಾಕ್ಟರು, ಎಲ್ಲವೂ ವಶೀಲಿಯ ಮೇಲೆ ನಡೆಯುತ್ತಿತ್ತು. ಇದನ್ನು ರಷ್ಯನ್ನರು ಬ್ಲಾಟ್ ಅನ್ನುತ್ತಿದ್ದರು. ಎಷ್ಟೋ ಸಲ ಇದರಲ್ಲಿ ದುಡ್ಡು ಕೈ ಬದಲಾಯಿಸುತ್ತಲೇ ಇರಲಿಲ್ಲ.

ಕಾರ್ಖಾನೆಗಳ ಕಥೆ ಇನ್ನೂ ಚೆನ್ನಾಗಿದೆ. ಮಾಸ್ಕೋದಿಂದ ಗುರಿ ಬರುತ್ತಿತ್ತು, ಇಷ್ಟು ಉತ್ಪಾದನೆ ಆಗಲೇಬೇಕು ಅಂತ. ಬೇಕಾದ ಕಬ್ಬಿಣ, ಬಿಡಿಭಾಗ ಮಾತ್ರ ಸಮಯಕ್ಕೆ ಬರುತ್ತಿರಲಿಲ್ಲ. ಅದಕ್ಕೆ ಪ್ರತಿ ದೊಡ್ಡ ಕಾರ್ಖಾನೆಯೂ ತೋಲ್ಕಾಚ್ ಅನ್ನುವ ಒಬ್ಬ ಮನುಷ್ಯನನ್ನು ಇಟ್ಟುಕೊಳ್ಳುತ್ತಿತ್ತು. ಊರೂರು ಸುತ್ತಿ, ಉಡುಗೊರೆ ಕೊಟ್ಟು, ಪುಸಲಾಯಿಸಿ ಸಾಮಾನು ತರುವುದು ಅವನ ಕೆಲಸ. ಕಾನೂನಿನ ಪ್ರಕಾರ ಅದು ತಪ್ಪು. ಆದರೆ ಅವನಿಲ್ಲದೆ ಯೋಜನೆ ನಡೆಯುತ್ತಿರಲಿಲ್ಲ. ಮೇಲಿನವರಿಗೂ ಗೊತ್ತಿತ್ತು. ಕಣ್ಣು ಮುಚ್ಚಿಕೊಂಡರು.

ಇದೇ ಬೆಳೆದು ಎಲ್ಲಿಗೆ ಹೋಯಿತು ಅಂದರೆ ಆಗ ಸೋವಿಯತ್ ಒಕ್ಕೂಟದಲ್ಲೇ ಇದ್ದ ಉಜ್ಬೇಕಿಸ್ತಾನದ ಹತ್ತಿ ಹಗರಣ. ಮಾಸ್ಕೋ ವರ್ಷ ವರ್ಷ ಜಾಸ್ತಿ ಹತ್ತಿ ಕೇಳಿತು. ನೆಲಕ್ಕೆ ಅಷ್ಟು ಶಕ್ತಿ ಇರಲಿಲ್ಲ. ಶರಾಫ್ ರಶೀದೋವ್ ಅಲ್ಲಿನ ಪಕ್ಷದ ಮುಖ್ಯಸ್ಥ. ಅವನ ಕಾಲದಲ್ಲಿ ಬೆಳೆಯದೇ ಇದ್ದ ಹತ್ತಿಯನ್ನು ಕಾಗದದ ಮೇಲೆ ಬೆಳೆದರು. ಆ ಹತ್ತಿಗೆ ಮಾಸ್ಕೋ ನಿಜವಾದ ದುಡ್ಡು ಕೊಟ್ಟಿತು. ಅತ್ತ ಗಿರಣಿಗಳಲ್ಲಿ ಸಾಮಾನು ಬಂತು ಅಂತ ಸಹಿ ಹಾಕುವವರ ಕೈ ಬೆಚ್ಚಗೆ ಮಾಡಿದರು. 1988ರಲ್ಲಿ ಬ್ರೆಜ್ನೇವ್ ಅಳಿಯ ಯೂರಿ ಚುರ್ಬಾನೋವ್‌ಗೆ ಇದೇ ಪ್ರಕರಣದಲ್ಲಿ 12 ವರ್ಷ ಜೈಲಾಯಿತು. ಅವನು ಒಳಾಡಳಿತದ ಉಪಮಂತ್ರಿ ಆಗಿದ್ದವನು, ಅಂದರೆ ಪೊಲೀಸರೆಲ್ಲ ಅವನ ಕೈ ಕೆಳಗೆ.

ಇಲ್ಲಿ ಯಾರ ದುರಾಸೆಯಿಂದಲೂ ಆಟ ಶುರುವಾಗಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಮುಟ್ಟಲಾಗದ ಗುರಿ, ಇಲ್ಲ ಅನ್ನಲು ಭಯ, ಇವೆರಡು ಸೇರಿ ಸುಳ್ಳು ಲೆಕ್ಕ ಹುಟ್ಟಿತು. ದುರಾಸೆ ಹಿಂದೆಯೇ ಬಂತು.

ಬೆಳ್ಳಿಚುಕ್ಕಿ:
ಕಪ್ಪುಹಲಗೆ ಅವರೇ, ಅಲ್ಲಿ ಶಿಕ್ಷೆ ಕಠಿಣವಾಗಿತ್ತಲ್ಲ? ಗುಂಡು ಹೊಡೆಯುತ್ತಿದ್ದರು ಅಂತ ಓದಿದ ನೆನಪು. ಅಷ್ಟಾದರೂ ನಿಲ್ಲಲಿಲ್ಲ ಯಾಕೆ?

ಕಪ್ಪುಹಲಗೆ:
ಹೊಡೆದರು. ಮಾಸ್ಕೋದ ಯೆಲಿಸೇಯೆವ್‌ಸ್ಕಿ ಅನ್ನುವ ಹೆಸರಾಂತ ಅಂಗಡಿಯ ನಿರ್ದೇಶಕ ಯೂರಿ ಸೊಕೊಲೋವ್‌ನನ್ನು 1984ರಲ್ಲಿ ಗುಂಡಿಟ್ಟು ಕೊಂದರು. ಬ್ರೆಜ್ನೇವ್ ನಂತರ ಸೋವಿಯತ್ ನಾಯಕನಾದ ಆಂದ್ರೋಪೋವ್ ಶುರು ಮಾಡಿದ ಕಾರ್ಯಾಚರಣೆ ಅದು. ಸೊಕೊಲೋವ್ ಸತ್ತ, ಸಾಮಾನಿನ ಕೊರತೆ ಹಾಗೇ ಉಳಿಯಿತು. ಅವನ ಕುರ್ಚಿಯಲ್ಲಿ ಯಾರು ಕೂತರೂ ಅದೇ ಜನ, ಅದೇ ಕೋರಿಕೆ.

ತರ್ಲೆ:
ಅಂದರೆ ಕಳ್ಳನನ್ನು ಬದಲಾಯಿಸಿದರು, ಕುರ್ಚಿ ಬದಲಾಯಿಸಲಿಲ್ಲ.

ಬೆಳ್ಳಿಚುಕ್ಕಿ:
ಇನ್ನೊಂದು ಅನುಮಾನ. ದುಡ್ಡು ಇಲ್ಲದ ವಶೀಲಿಯನ್ನೂ ಭ್ರಷ್ಟಾಚಾರ ಅಂತ ಸೇರಿಸಿದರೆ ಎಲ್ಲಾ ಕಡೆ ಅದು ಇದ್ದೇ ಇರುತ್ತದೆ. ಪೂರ್ವ ಜರ್ಮನಿಯ ವಾಂಡ್ಲಿಟ್ಸ್ ನೋಡಿ. ದೇಶ ಆಳುತ್ತಿದ್ದ ಹೊನೆಕರ್ ಮತ್ತು ಬೇರೆ ನಾಯಕರ ಮನೆಗಳಿದ್ದ ಬೇಲಿ ಹಾಕಿದ ಬಡಾವಣೆ ಅದು. 1989ರ ಕೊನೆಯಲ್ಲಿ ಟಿವಿಯವರು ಒಳಗೆ ಹೋಗಿ ತೋರಿಸಿದಾಗ ಜನ ಕೆಂಡವಾದರು. ಒಳಗೆ ಇದ್ದದ್ದು ಏನು? ಪಶ್ಚಿಮದ ಸಾಮಾನು ಸಿಗುವ ಒಂದು ಅಂಗಡಿ, ಈಜುಕೊಳ, ಸಾಧಾರಣ ಮನೆಗಳು. ಪಶ್ಚಿಮ ಜರ್ಮನಿಯ ಒಬ್ಬ ಸಣ್ಣ ಉದ್ಯಮಿ ಅದಕ್ಕಿಂತ ಚೆನ್ನಾಗಿ ಬದುಕುತ್ತಿದ್ದ. ಆದರೂ ಜನರಿಗೆ ಅಷ್ಟು ಸಿಟ್ಟು ಬಂತು. ಯಾಕಂದರೆ ಎಲ್ಲರೂ ಸಮಾನ ಅಂತ ದಿನಾ ಹೇಳಿದವರು ಅವರೇ. ಹಾಗಾಗಿ ಕಮ್ಯುನಿಸ್ಟ್ ಸರ್ಕಾರದ ಸಣ್ಣ ಸೌಲಭ್ಯವೂ ನಮಗೆ ಭ್ರಷ್ಟಾಚಾರವಾಗಿ ಕಾಣುತ್ತದೆ, ಬೇರೆಯವರ ದೊಡ್ಡ ಬಂಗಲೆ ಕಾಣುವುದಿಲ್ಲ.

ಹಳೆರೇಡಿಯೋ:
ಒಳ್ಳೆಯ ಮಾತು ಬೆಳ್ಳಿಚುಕ್ಕಿ. ಇದನ್ನೇ ಅಮೆರಿಕಕ್ಕೆ ಹಚ್ಚಿ ನೋಡಿ. ವರ್ಜೀನಿಯಾದ ರಾಜ್ಯಪಾಲ ಬಾಬ್ ಮೆಕ್‌ಡೊನೆಲ್ ಮತ್ತು ಹೆಂಡತಿ ಒಬ್ಬ ವ್ಯಾಪಾರಿಯಿಂದ 1,75,000 ಡಾಲರಿಗೂ ಜಾಸ್ತಿ ಬೆಲೆಯ ಉಡುಗೊರೆ, ಸಾಲ ತೆಗೆದುಕೊಂಡರು. ರೋಲೆಕ್ಸ್ ವಾಚೂ ಅದರಲ್ಲಿತ್ತು. ಪ್ರತಿಯಾಗಿ ಆ ವ್ಯಾಪಾರಿಯನ್ನು ಅಧಿಕಾರಿಗಳಿಗೆ ಪರಿಚಯ ಮಾಡಿಸಿಕೊಟ್ಟರು, ಸಭೆ ಏರ್ಪಡಿಸಿದರು. ಕೆಳಗಿನ ಕೋರ್ಟಿನಲ್ಲಿ ಶಿಕ್ಷೆ ಆಯಿತು. 2016ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ರದ್ದು ಮಾಡಿತು. ಸಭೆ ಮಾಡಿಸಿದ ಮಾತ್ರಕ್ಕೆ ಅದು ಅಧಿಕೃತ ಕೆಲಸ ಆಗುವುದಿಲ್ಲ ಅಂತ.

2010ರಲ್ಲಿ ಅದೇ ಕೋರ್ಟು ಕಂಪನಿಗಳು ಚುನಾವಣೆಯ ಪ್ರಚಾರಕ್ಕೆ ಸ್ವತಂತ್ರವಾಗಿ ಎಷ್ಟು ಬೇಕಾದರೂ ಖರ್ಚು ಮಾಡಬಹುದು ಅಂತ ತೀರ್ಪು ಕೊಟ್ಟಿತ್ತು. ಸೋವಿಯತ್ತಿನಲ್ಲಿ ಕಾನೂನು ಮುರಿದು ಲಂಚ ಕೊಡಬೇಕಿತ್ತು. ಬಂಡವಾಳಶಾಹಿಯಲ್ಲಿ ದುಡ್ಡಿದ್ದವನು ಕಾನೂನನ್ನೇ ಬರೆಸಿಕೊಳ್ಳುತ್ತಾನೆ. ಆಗ ಅದು ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಕಪ್ಪುಹಲಗೆ:
ಇದೆಲ್ಲ ನಿಮಗೆ ಗೊತ್ತಾಗಿದ್ದು ಹೇಗೆ ಅಂತ ಒಮ್ಮೆ ಯೋಚಿಸಿ ಹಳೆರೇಡಿಯೋ ಅವರೇ. ಅಧಿಕಾರದಲ್ಲಿ ಇದ್ದಾಗಲೇ ಆ ರಾಜ್ಯಪಾಲನ ಸುದ್ದಿ ಪತ್ರಿಕೆಯಲ್ಲಿ ಬಂತು. ಕೋರ್ಟಿನ ತೀರ್ಪು ಎಲ್ಲರಿಗೂ ಓದಲು ಸಿಗುತ್ತದೆ. ನೀವು ಅದನ್ನು ಬೈಯಬಹುದು.

2012ರಲ್ಲಿ ನ್ಯೂಯಾರ್ಕ್ ಟೈಮ್ಸ್ ಚೀನಾದ ಆಗಿನ ಪ್ರಧಾನಿ ವೆನ್ ಜಿಯಾಬಾವೊ ಕುಟುಂಬದ ಆಸ್ತಿ ಬಗ್ಗೆ ವರದಿ ಮಾಡಿತು. ಕುಟುಂಬದವರ ಹಿಡಿತದಲ್ಲಿ ಕನಿಷ್ಠ 270 ಕೋಟಿ ಡಾಲರ್ ಇದೆ ಅಂತ. ಚೀನಾದಲ್ಲಿ ಆದ ಪರಿಣಾಮ ಏನು? ಆ ಪತ್ರಿಕೆಯ ಜಾಲತಾಣವನ್ನೇ ಮುಚ್ಚಿದರು. 2016ರಲ್ಲಿ ಪನಾಮಾ ಕಡತಗಳು, ಅಂದರೆ ಹೊರದೇಶದ ಹೆಸರಿಗಷ್ಟೇ ಇರುವ ಕಂಪನಿಗಳ ಗುಟ್ಟಿನ ದಾಖಲೆಗಳು, ಹೊರಬಂದವು. ಐಸ್‌ಲೆಂಡಿನ ಪ್ರಧಾನಿ ಕೆಲವೇ ದಿನದಲ್ಲಿ ಕುರ್ಚಿ ಬಿಟ್ಟ. ಚೀನಾದ ದೊಡ್ಡ ನಾಯಕರ ನೆಂಟರ ಹೆಸರೂ ಅದರಲ್ಲಿತ್ತು. ಅಲ್ಲಿ ಆ ಸುದ್ದಿಯನ್ನು ಹುಡುಕಿದರೂ ಸಿಗದಂತೆ ಅಳಿಸಿದರು.

ಹಳೆರೇಡಿಯೋ:
ಒಪ್ಪಿದೆ. ಆದರೆ ನೀವು ಈಗ ಹೇಳಿದ್ದು ಸರ್ವಾಧಿಕಾರದ ಗುಣ, ಕಮ್ಯುನಿಸಂನದ್ದಲ್ಲ. ಇಂಡೋನೇಷ್ಯಾದ ಸುಹಾರ್ತೊ ಕಾಲದಲ್ಲಿ ಪತ್ರಿಕೆಗಳ ಬಾಯಿ ಮುಚ್ಚಿರಲಿಲ್ಲವಾ? ಅಂಕಿಅಂಶ ಅವರು ನಂಬುವ ಅದೇ ಸಂಸ್ಥೆ 2004ರಲ್ಲಿ ದೇಶದ ದುಡ್ಡು ನುಂಗಿದ ನಾಯಕರ ಒಂದು ಅಂದಾಜು ಕೊಟ್ಟಿತ್ತು. ಸುಹಾರ್ತೊ 1,500ರಿಂದ 3,500 ಕೋಟಿ ಡಾಲರ್. ಮಾರ್ಕೋಸ್ 500ರಿಂದ 1,000 ಕೋಟಿ. ಝೈರ್ ದೇಶದ (ಈಗಿನ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ) ಮೊಬುಟು 500 ಕೋಟಿ. ಮೊದಲ ಮೂರು ಸ್ಥಾನ ಇವರದ್ದೇ. ಮೂವರೂ ಕಮ್ಯುನಿಸ್ಟರ ಕಡು ವಿರೋಧಿಗಳು, ಮೂವರಿಗೂ ಅಮೆರಿಕದ ಬೆಂಬಲ ಇತ್ತು.

ತರ್ಲೆ:
ಈಗ ಬಾಗಿಲು ಮತ್ತೆ ತೆಗೆಯಿರಿ.

ಅಂಕಿಅಂಶ:
ಇಲ್ಲಿ ರಾಬರ್ಟ್ ಕ್ಲಿಟ್‌ಗಾರ್ಡ್ ಅನ್ನುವ ಅರ್ಥಶಾಸ್ತ್ರಜ್ಞ ಹೇಳಿದ ಒಂದು ಸರಳ ಸೂತ್ರ ಉಪಯೋಗಕ್ಕೆ ಬರುತ್ತದೆ. ಏಕಸ್ವಾಮ್ಯ, ಅದಕ್ಕೆ ಮನಸ್ಸಿಗೆ ಬಂದಂತೆ ನಿರ್ಧರಿಸುವ ಅಧಿಕಾರ ಸೇರಿಸಿ, ಅದರಿಂದ ಉತ್ತರದಾಯಿತ್ವ ಕಳೆಯಿರಿ. ಉಳಿದದ್ದೇ ಭ್ರಷ್ಟಾಚಾರ. ಪರ್ಮಿಟ್ ಕೊಡುವವನು ಒಬ್ಬನೇ, ಕೊಡುವುದೂ ಬಿಡುವುದೂ ಅವನ ಇಷ್ಟ, ಕೇಳುವವರು ಯಾರೂ ಇಲ್ಲ. ಇಷ್ಟಿದ್ದರೆ ಗೋಡೆಯ ಮೇಲೆ ಮಾರ್ಕ್ಸ್ ಫೋಟೋ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಪ್ರಜಾಪ್ರಭುತ್ವ ಬಂದ ತಕ್ಷಣ ಎಲ್ಲ ಸರಿಹೋಗುತ್ತದೆ ಅಂತಲೂ ಅಂದುಕೊಳ್ಳಬೇಡಿ. ಡೇನಿಯಲ್ ಟ್ರೀಸ್‌ಮನ್ ಅನ್ನುವ ರಾಜ್ಯಶಾಸ್ತ್ರಜ್ಞ 2000ದಲ್ಲಿ ಹಲವು ದೇಶಗಳನ್ನು ಹೋಲಿಸಿ ನೋಡಿದರು. ಸದ್ಯಕ್ಕೆ ಪ್ರಜಾಪ್ರಭುತ್ವ ಇದೆಯಾ ಇಲ್ಲವಾ ಅನ್ನುವುದರಿಂದ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ದಶಕಗಳ ಕಾಲ ಸತತವಾಗಿ ಇದ್ದ ಕಡೆ ಮಾತ್ರ ಲಂಚ ಕಡಿಮೆ ಇತ್ತು.

ಅತ್ತ ಹಾಂಗ್‌ಕಾಂಗ್ ನೋಡಿ. ಬ್ರಿಟಿಷರ ವಸಾಹತು, ಅಪ್ಪಟ ಬಂಡವಾಳಶಾಹಿ, 1970ರ ಸುಮಾರಿಗೆ ಪೊಲೀಸರಲ್ಲಿ ಲಂಚ ತುಂಬಿ ತುಳುಕುತ್ತಿತ್ತು. ಪೀಟರ್ ಗಾಡ್‌ಬರ್ ಅನ್ನುವ ಹಿರಿಯ ಪೊಲೀಸ್ ಅಧಿಕಾರಿ 1973ರಲ್ಲಿ ತನಿಖೆ ನಡೆಯುತ್ತಿದ್ದಾಗಲೇ ಇಂಗ್ಲೆಂಡಿಗೆ ಪರಾರಿ ಆದ. ಜನ ಬೀದಿಗೆ ಇಳಿದರು. 1974ರಲ್ಲಿ ಪೊಲೀಸರಿಂದ ಪೂರ್ತಿ ಬೇರೆಯಾದ ಒಂದು ತನಿಖಾ ಆಯೋಗ ಮಾಡಿದರು. ಜನ ಆರಿಸಿದ ಸರ್ಕಾರ ಅಲ್ಲಿ ಇರಲಿಲ್ಲ, ಆದರೂ ಲಂಚ ಇಳಿಯಿತು. ಮುಖ್ಯ ಸಂಗತಿ ಏನೆಂದರೆ, ಹಿಡಿಯುವವನು ಹಿಡಿಸಿಕೊಳ್ಳುವವನ ಕೈ ಕೆಳಗೆ ಇರಲಿಲ್ಲ.

ಮರಳುಗಡಿಯಾರ:
ಇಷ್ಟು ಹೊತ್ತು ಓದುತ್ತಿದ್ದೆ. ಇಲ್ಲಿ ಎಲ್ಲರೂ ಎರಡು ಬೇರೆ ಬೇರೆ ಡಬ್ಬ ಇಟ್ಟುಕೊಂಡು ಮಾತಾಡುತ್ತಿದ್ದೀರಿ. ಲಂಚ ನಿಜವಾಗಿ ಕೊಬ್ಬಿದ್ದು ಎರಡೂ ಸೇರಿದ ಜಾಗದಲ್ಲಿ.

1980ರ ದಶಕದ ಚೀನಾದಲ್ಲಿ ಒಂದೇ ಸಾಮಾನಿಗೆ ಎರಡು ಬೆಲೆ ಇತ್ತು. ಯೋಜನೆಯ ಬೆಲೆ ಕಡಿಮೆ, ಮಾರುಕಟ್ಟೆಯ ಬೆಲೆ ಜಾಸ್ತಿ. ಅಧಿಕಾರಿಗಳು, ಅವರ ಮಕ್ಕಳು ಉಕ್ಕು, ಕಲ್ಲಿದ್ದಲನ್ನು ಸರ್ಕಾರಿ ಬೆಲೆಗೆ ತೆಗೆದು ಹೊರಗೆ ಮಾರಿದರು. ನಡುವಿನ ಲಾಭ ಜೇಬಿಗೆ. ಬೆವರು ಹರಿಸಬೇಕಿಲ್ಲ, ಒಂದು ಸಹಿ ಸಾಕು. 1989ರಲ್ಲಿ ತಿಯಾನನ್‌ಮೆನ್ ಚೌಕಕ್ಕೆ ಬಂದ ವಿದ್ಯಾರ್ಥಿಗಳ ಸಿಟ್ಟಿಗೆ ಇದೂ ಒಂದು ದೊಡ್ಡ ಕಾರಣ.

ರಷ್ಯಾದಲ್ಲಿ ಇದಕ್ಕಿಂತ ದೊಡ್ಡದು ನಡೆಯಿತು. 1995ರಲ್ಲಿ ಸರ್ಕಾರಕ್ಕೆ ದುಡ್ಡು ಬೇಕಿತ್ತು. ಬ್ಯಾಂಕುಗಳು ಸಾಲ ಕೊಟ್ಟವು, ಸರ್ಕಾರಿ ಕಂಪನಿಗಳ ಷೇರು ಅಡವಿಗೆ ಹೋದವು, ಸಾಲ ತೀರಲಿಲ್ಲ. ನೊರಿಲ್ಸ್ಕ್ ನಿಕೆಲ್ ಅನ್ನುವ ದೈತ್ಯ ಗಣಿ ಕಂಪನಿಯ 38% ಪಾಲು ಸುಮಾರು 17 ಕೋಟಿ ಡಾಲರಿಗೆ ಹೋಯಿತು. ಹರಾಜು ನಡೆಸಿದ ಬ್ಯಾಂಕೇ ಹರಾಜು ಗೆದ್ದಿತು. ಇದನ್ನು ಕಮ್ಯುನಿಸ್ಟರ ಖಾತೆಗೆ ಹಾಕುತ್ತೀರಾ, ಬಂಡವಾಳಶಾಹಿಗಳ ಖಾತೆಗಾ? ಕಂಪನಿ ಕಟ್ಟಿದ್ದು ಅವರು, ನುಂಗಿದ್ದು ಇವರು. ಆದರೆ ನುಂಗಿದವರಿಗೆ ಬಾಗಿಲು ತೆಗೆದುಕೊಟ್ಟವರಲ್ಲಿ ಹಳೆಯ ಪಕ್ಷದವರೇ ಎಷ್ಟೋ ಜನ.

ಕಪ್ಪುಹಲಗೆ:
ಅದೇ ಸೋವಿಯತ್ ಒಕ್ಕೂಟದಿಂದ ಹೊರಬಂದ ಎಸ್ಟೋನಿಯಾಕ್ಕೆ 2023ರಲ್ಲಿ 76 ಅಂಕ, ರಷ್ಯಾಕ್ಕೆ 26. ಇಬ್ಬರೂ ಒಂದೇ ಮನೆಯಿಂದ ಬಂದವರು. ಹಾಗಾಗಿ ಎಲ್ಲವನ್ನೂ ಹಳೆಯ ವ್ಯವಸ್ಥೆಯ ತಲೆಗೆ ಕಟ್ಟಲೂ ಆಗುವುದಿಲ್ಲ.

ಹಳೆರೇಡಿಯೋ:
ಅಬ್ಬಾ, ಇದನ್ನು ನೀವು ಹೇಳಿದಿರಾ!

ಕಾಲುದಾರಿ:
ಮರಳುಗಡಿಯಾರ ಅವರೇ, ಈಗಿನ ಚೀನಾದ ಬಗ್ಗೆ ಹೇಳಿ. ಷಿ ಜಿನ್‌ಪಿಂಗ್ ಬಂದ ಮೇಲೆ ದೊಡ್ಡ ದೊಡ್ಡವರನ್ನೆಲ್ಲ ಹಿಡಿದರಲ್ಲ. ಅದರಿಂದ ಕಡಿಮೆ ಆಯಿತಾ?

ಮರಳುಗಡಿಯಾರ:
2012ರ ಕೊನೆಯಿಂದ ನಡೆಯುತ್ತಿದೆ. ರೈಲ್ವೆ ಮಂತ್ರಿ ಆಗಿದ್ದ ಲಿಯು ಜಿಜುನ್‌ಗೆ 2013ರಲ್ಲಿ ಅಮಾನತಿನಲ್ಲಿಟ್ಟ ಮರಣದಂಡನೆ. ದೇಶದ ಭದ್ರತಾ ವ್ಯವಸ್ಥೆಯನ್ನೇ ನೋಡಿಕೊಳ್ಳುತ್ತಿದ್ದ ಜೌ ಯೊಂಗ್‌ಕಾಂಗ್‌ಗೆ 2015ರಲ್ಲಿ ಜೀವಾವಧಿ. ಹುವಾರೊಂಗ್ ಅನ್ನುವ ಸರ್ಕಾರಿ ಹಣಕಾಸು ಕಂಪನಿಯ ಅಧ್ಯಕ್ಷ ಲಾಯ್ ಷಿಯಾವೊಮಿನ್ ಸುಮಾರು 179 ಕೋಟಿ ಯುವಾನ್ ಲಂಚ ತಿಂದಿದ್ದ. 2021ರ ಜನವರಿಯಲ್ಲಿ ಅವನಿಗೆ ಮರಣದಂಡನೆಯ ತೀರ್ಪು ಬಂತು, ಅದೇ ತಿಂಗಳು ಜೀವ ತೆಗೆದರು.

ಕೆಳಹಂತದಲ್ಲಿ ಭಯ ಹುಟ್ಟಿದೆ, ಅದು ಸುಳ್ಳಲ್ಲ. ಆದರೆ ಕಾರ್ಯಾಚರಣೆ ಶುರುವಾಗಿ 10 ವರ್ಷ ದಾಟಿದ ಮೇಲೆ, 2024ರ ಜೂನ್‌ನಲ್ಲಿ, ಇಬ್ಬರು ಮಾಜಿ ರಕ್ಷಣಾ ಮಂತ್ರಿಗಳನ್ನು ಲಂಚದ ಆರೋಪದ ಮೇಲೆ ಪಕ್ಷದಿಂದ ಹೊರಹಾಕಿದರು. ಇಬ್ಬರೂ ಆ ಹುದ್ದೆಗೆ ಬಂದದ್ದು ಷಿ ಕಾಲದಲ್ಲೇ. ತನಿಖೆ ಮಾಡುವುದು ಪಕ್ಷದ್ದೇ ಆಯೋಗ. ಯಾರನ್ನು ಹಿಡಿಯಬೇಕು, ಯಾರನ್ನು ಬಿಡಬೇಕು ಅಂತ ನಿರ್ಧರಿಸುವುದೂ ಪಕ್ಷ. ಬೇಲಿಯೇ ಎದ್ದು ಹೊಲ ಮೇಯ್ದರೆ ಅನ್ನುವ ಮಾತಿದೆಯಲ್ಲ, ಇಲ್ಲಿ ಮೇಯ್ದ ಬೇಲಿಯನ್ನು ಕಿತ್ತು ಹಾಕುವ ಕೆಲಸವೂ ಬೇಲಿಗೇ ಸೇರಿದೆ.

ಬೆಳ್ಳಿಚುಕ್ಕಿ:
ಒಂದು ಸಂಗತಿ ಯಾರೂ ಹೇಳಲಿಲ್ಲ. ಚುನಾವಣೆ ಗೆದ್ದು ಬಂದ ಕಮ್ಯುನಿಸ್ಟ್ ಸರ್ಕಾರಗಳೂ ಇವೆ. 1957ರಲ್ಲಿ ಕೇರಳ, 2001ರಲ್ಲಿ ಮಾಲ್ಡೋವಾ, 2008ರಲ್ಲಿ ಸೈಪ್ರಸ್ ಅಧ್ಯಕ್ಷ ಹುದ್ದೆ. ಅಲ್ಲೆಲ್ಲ ಆಸ್ತಿ ಖಾಸಗಿಯವರ ಕೈಯಲ್ಲೇ ಇತ್ತು, ಪತ್ರಿಕೆ ಇತ್ತು, ವಿರೋಧ ಪಕ್ಷ ಇತ್ತು. ಇವರನ್ನು ಸೋವಿಯತ್ ಮಾದರಿಯ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಅದರ ಬದಲು ಒಂದೇ ಪಕ್ಷ ಎಷ್ಟು ವರ್ಷ ಕುರ್ಚಿಯಲ್ಲಿ ಕೂತಿತ್ತು ಅಂತ ನೋಡಿದರೆ ಚಿತ್ರ ಬೇರೆಯಾಗುತ್ತದೆ. ಪಶ್ಚಿಮ ಬಂಗಾಳದಲ್ಲಿ ಎಡರಂಗ 1977ರಿಂದ 2011ರವರೆಗೆ ಸತತ 34 ವರ್ಷ. ಕೊನೆ ಕೊನೆಗೆ ಪಕ್ಷದ ಸ್ಥಳೀಯ ಸಮಿತಿಯನ್ನು ಕೇಳದೆ ಏನೂ ನಡೆಯದು ಅನ್ನುವ ದೂರು ಎಲ್ಲೆಲ್ಲೂ ಇತ್ತು. ಮೆಕ್ಸಿಕೋದಲ್ಲಿ ಪಿಆರ್‌ಐ ಪಕ್ಷ 1929ರಿಂದ 2000ದವರೆಗೆ. ಇಟಲಿಯಲ್ಲಿ ಕ್ರಿಶ್ಚಿಯನ್ ಡೆಮಾಕ್ರಾಟರು ಯುದ್ಧ ಮುಗಿದ ಮೇಲಿನ ಎಲ್ಲಾ ಸರ್ಕಾರಗಳಲ್ಲೂ ಇದ್ದರು. 1992ರಲ್ಲಿ ಮಿಲಾನ್‌ನ ಒಂದು ವೃದ್ಧಾಶ್ರಮದ ಮುಖ್ಯಸ್ಥ ಲಂಚದ ದುಡ್ಡಿನ ಸಮೇತ ಸಿಕ್ಕಿಬಿದ್ದ. ಅವನು ಅವರ ಜೊತೆ ಸರ್ಕಾರದಲ್ಲಿದ್ದ ಸೋಷಲಿಸ್ಟ್ ಪಕ್ಷದವನು. ಅವನು ಬಾಯಿ ಬಿಟ್ಟ ಮೇಲೆ ಒಬ್ಬರ ಹಿಂದೆ ಒಬ್ಬರು ಬಿದ್ದರು. 1994ರ ಹೊತ್ತಿಗೆ ಕ್ರಿಶ್ಚಿಯನ್ ಡೆಮಾಕ್ರಾಟ್ ಪಕ್ಷವೇ ಇರಲಿಲ್ಲ.

ತರ್ಲೆ:
ವೃದ್ಧಾಶ್ರಮದಲ್ಲೂ ಬಿಡಲಿಲ್ಲವಾ. ಇವರ ಮುಂದೆ ಹತ್ತಿ ಕದ್ದವರೇ ವಾಸಿ.

ಕಪ್ಪುಹಲಗೆ:
ಬೆಳ್ಳಿಚುಕ್ಕಿ ಹೇಳಿದ್ದು ಸರಿ. ಆದರೂ ನನ್ನ ಮೂಲ ಮಾತಿಗೆ ಅಂಟಿಕೊಳ್ಳುತ್ತೇನೆ. ಅಂಕಿಅಂಶ ಅವರ ಸೂತ್ರವನ್ನೇ ತಗೊಳ್ಳಿ. ಬಂಡವಾಳಶಾಹಿ ದೇಶದಲ್ಲಿ ಏಕಸ್ವಾಮ್ಯ ಅಲ್ಲಲ್ಲಿ ಹುಟ್ಟುತ್ತದೆ. ಸೋವಿಯತ್ ಮಾದರಿಯಲ್ಲಿ ಅದು ಹುಟ್ಟುವ ಮೊದಲೇ ಇದೆ. ಮನೆ, ಕೆಲಸ, ಅಂಗಡಿ, ಆಸ್ಪತ್ರೆ, ಪತ್ರಿಕೆ, ಕೋರ್ಟು ಎಲ್ಲದಕ್ಕೂ ಒಬ್ಬನೇ ಯಜಮಾನ. ಒಂದು ಕಚೇರಿಯಲ್ಲಿ ಲಂಚ ಕೇಳಿದರೆ ಇನ್ನೊಂದು ಕಡೆ ಹೋಗೋಣ ಅನ್ನಲು ಇನ್ನೊಂದು ಕಡೆ ಅನ್ನುವುದೇ ಇಲ್ಲ. ಸುಹಾರ್ತೊ ಆ ಮಟ್ಟಕ್ಕೆ ಬರಲು ವರ್ಷಗಟ್ಟಲೆ ಕಷ್ಟಪಟ್ಟ. ಇಲ್ಲಿ ಅದು ಸಂವಿಧಾನದಲ್ಲೇ ಬರೆದಿತ್ತು.

ಹಳೆರೇಡಿಯೋ:
ಸಣ್ಣ ಲಂಚಗಳ ಎಣಿಕೆಯಲ್ಲಿ ನೀವು ಗೆಲ್ಲಬಹುದು. ಆದರೆ ಒಂದೇ ಏಟಿಗೆ ನುಂಗುವ ಮೊತ್ತ ನೋಡಿ. ಮಲೇಷ್ಯಾದ 1ಎಂಡಿಬಿ ಅನ್ನುವ ಸರ್ಕಾರಿ ನಿಧಿಯಿಂದ 450 ಕೋಟಿ ಡಾಲರ್ ಹೋಯಿತು ಅಂತ ಅಮೆರಿಕದ ನ್ಯಾಯ ಇಲಾಖೆಯೇ ಹೇಳಿದೆ. ಅದರ ಬಾಂಡ್ ಮಾರಿಕೊಟ್ಟದ್ದು ಅಮೆರಿಕದ ಬ್ಯಾಂಕು ಗೋಲ್ಡ್‌ಮನ್ ಸ್ಯಾಕ್ಸ್. ವಕೀಲರು, ಬ್ಯಾಂಕುಗಳು, ಹೆಸರಿಗೆ ಮಾತ್ರ ಇರುವ ಕಂಪನಿಗಳು, ಇಷ್ಟೆಲ್ಲ ಸೌಕರ್ಯ ಇಲ್ಲದೆ ಅಷ್ಟು ದುಡ್ಡು ದೇಶ ದಾಟುವುದಿಲ್ಲ. ಹತ್ತಿ ಕದ್ದ ರಶೀದೋವ್‌ಗೆ ಲಂಡನ್ನಿನಲ್ಲಿ ಬಂಗಲೆ ಕೊಳ್ಳುವ ದಾರಿಯೇ ಇರಲಿಲ್ಲ.

ಅಂಕಿಅಂಶ:
ಹಾಗಾದರೆ ಇದಕ್ಕೆ ಉತ್ತರ ಕೊಡಿ. ವಿಯೆಟ್ನಾಂನ ತ್ರುವೊಂಗ್ ಮಿ ಲಾನ್. ರಿಯಲ್ ಎಸ್ಟೇಟ್ ಉದ್ಯಮಿ. ಬೇರೆಯವರ ಹೆಸರಿನಲ್ಲಿ ಷೇರು ಇಟ್ಟು ಎಸ್‌ಸಿಬಿ ಅನ್ನುವ ಖಾಸಗಿ ಬ್ಯಾಂಕನ್ನು ತನ್ನ ಹಿಡಿತಕ್ಕೆ ತಂದುಕೊಂಡಳು. ಅಲ್ಲಿಂದ ಸುಮಾರು 1,250 ಕೋಟಿ ಡಾಲರ್ ನುಂಗಿದಳು ಅಂತ 2024ರ ಏಪ್ರಿಲ್‌ನಲ್ಲಿ ಕೋರ್ಟು ಮರಣದಂಡನೆ ವಿಧಿಸಿತು. ಬ್ಯಾಂಕನ್ನು ತಪಾಸಣೆ ಮಾಡಲು ಹೋದ ಕೇಂದ್ರ ಬ್ಯಾಂಕಿನ ಅಧಿಕಾರಿ 52 ಲಕ್ಷ ಡಾಲರ್ ಲಂಚ ತೆಗೆದುಕೊಂಡು ವರದಿ ತಿದ್ದಿದ್ದಳು. ನುಂಗಿದ್ದು ಖಾಸಗಿಯವರು, ಕಣ್ಣು ಮುಚ್ಚಿದ್ದು ಕಮ್ಯುನಿಸ್ಟ್ ಸರ್ಕಾರದ ಅಧಿಕಾರಿ. ಯಾವ ಕಡೆ ಬರೆಯುತ್ತೀರಿ?

ಹಳೆರೇಡಿಯೋ:
ದುಡ್ಡು ಎಲ್ಲಿಗೆ ಹೋಯಿತೋ ಆ ಕಡೆ. ಅದು ಖಾಸಗಿ ಸಾಮ್ರಾಜ್ಯ.

ಮರಳುಗಡಿಯಾರ:
ನಾನು ಪಕ್ಷದ ಕಡೆ ಬರೆಯುತ್ತೇನೆ. ಖಾಸಗಿ ಬ್ಯಾಂಕುಗಳು ಬೇರೆ ದೇಶದಲ್ಲೂ ಮುಳುಗುತ್ತವೆ. ಆದರೆ ಅಲ್ಲಿ ತಪಾಸಣಾಧಿಕಾರಿ ಸುಳ್ಳು ಬರೆದರೂ ಷೇರುಪೇಟೆಯವನೊಬ್ಬ, ಪತ್ರಕರ್ತನೊಬ್ಬ, ವಿರೋಧ ಪಕ್ಷದವನೊಬ್ಬ ಮೂಗು ತೂರಿಸುವ ಅವಕಾಶ ಇರುತ್ತದೆ. ಎಸ್‌ಸಿಬಿಯಲ್ಲಿ ದುಡ್ಡು ಇಟ್ಟಿದ್ದ ಸಾಮಾನ್ಯ ಜನರಿಗೆ ವಿಷಯ ಗೊತ್ತಾಗಿದ್ದು 2022ರ ಅಕ್ಟೋಬರ್‌ನಲ್ಲಿ, ಅವಳನ್ನು ಬಂಧಿಸಿದ ಮೇಲೆ. ಆಗ ಎಲ್ಲರೂ ಒಟ್ಟಿಗೇ ಬ್ಯಾಂಕಿಗೆ ಓಡಿದರು. ಅದಕ್ಕೂ ಮೊದಲು ವರ್ಷಗಟ್ಟಲೆ ಆ ಬ್ಯಾಂಕಿನ ಲೆಕ್ಕ ಸರಿ ಇದೆ ಅಂತ ಸಹಿ ಹಾಕಿದವರು ಒಂದಿಬ್ಬರಲ್ಲ.